ಅಪ್ಪನದು ಎ, ಅಮ್ಮನದು ಬಿ, ಮಗಳದು ಓ!

ಗುರುತಿನ ಚೀಟಿಗೆಂದು ಶಾಲೆಗಳಲ್ಲಿ ಮಕ್ಕಳ ರಕ್ತದ ಗುಂಪು ಕೇಳುವುದು ಈಗ ಸಾಮಾನ್ಯ. ಬೆರಳ ತುದಿಗೊಂದು ಸೂಜಿ, ಗಾಜಿನ ಪಟ್ಟಿಯ ಮೇಲೆ ಕೆಲವು ಹನಿ ರಕ್ತ, ಕೆಲವೇ ನಿಮಿಷಗಳಲ್ಲಿ ಉತ್ತರ ಸಿದ್ಧ. ತೊಂದರೆ ಶುರುವಾಗುವುದು ಚೀಟಿ ಮನೆಗೆ ಬಂದ ಮೇಲೆ. ಅಪ್ಪನ ಗುಂಪು ಎ, ಅಮ್ಮನದು ಬಿ, ಮಗಳದು ಮಾತ್ರ ಓ! 'ಇಬ್ಬರದೂ ಬರಲಿಲ್ಲವಲ್ಲ' ಎಂದು ಅಜ್ಜಿಯ ಗೊಣಗಾಟ. 'ಆಸ್ಪತ್ರೆಯಲ್ಲಿ ಮಗು ಅದಲುಬದಲಾಯಿತೇ?' ಎಂದು ತಾಯಿಯ ಗಾಬರಿ. ಹುಡುಗಿಯ ತಲೆಯಲ್ಲೂ ಒಂದು ಹುಳು ಹೊಕ್ಕಿಬಿಡುತ್ತದೆ.

ಹೆದರಬೇಕಾಗಿಲ್ಲ. ಇದು ಹತ್ತನೇ ತರಗತಿಯ ಲೆಕ್ಕ.

ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲ ಎಂದು ಮೊದಲು ತೋರಿಸಿಕೊಟ್ಟವನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. 1901ರಲ್ಲಿ ಅವನು ಮೂರು ಗುಂಪುಗಳನ್ನು ವಿವರಿಸಿದ. ಮರುವರ್ಷ ಅವನ ಸಂಗಡಿಗರು ನಾಲ್ಕನೆಯದಾದ ಎಬಿಯನ್ನು ಗುರುತಿಸಿದರು. ಈ ಕೆಲಸಕ್ಕೆ 1930ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಗುಂಪುಗಳು ತಂದೆತಾಯಿಯರಿಂದ ಮಕ್ಕಳಿಗೆ ಇಳಿದುಬರುವ ಸರಿಯಾದ ಸೂತ್ರವನ್ನು 1924ರಲ್ಲಿ ಬಿಡಿಸಿದವನು ವೈದ್ಯನಲ್ಲ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಜರ್ಮನಿಯ ಗಣಿತಜ್ಞ.

ಸೂತ್ರ ಸರಳವಾಗಿದೆ. ರಕ್ತದ ಗುಂಪನ್ನು ನಿರ್ಧರಿಸುವ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿಗಳಲ್ಲಿರುತ್ತದೆ; ಒಂದು ತಂದೆಯದು, ಇನ್ನೊಂದು ತಾಯಿಯದು. ಅದರಲ್ಲಿ ಎ, ಬಿ, ಓ ಎಂಬ ಮೂರು ರೂಪಗಳಿವೆ. ಎ ರೂಪವು ಕೆಂಪು ರಕ್ತಕಣದ ಮೈಮೇಲೆ ಒಂದು ಬಗೆಯ ಸಕ್ಕರೆಯ ಅಣುವನ್ನು ಅಂಟಿಸುತ್ತದೆ. ಬಿ ಇನ್ನೊಂದು ಬಗೆಯದನ್ನು. ಓ ಏನನ್ನೂ ಅಂಟಿಸುವುದಿಲ್ಲ. ಹೀಗಾಗಿ ಒಬ್ಬರಲ್ಲಿ ಎ ಜೊತೆಗೆ ಓ ಇದ್ದರೆ ಪರೀಕ್ಷೆಯಲ್ಲಿ ಕಾಣುವುದು ಎ ಮಾತ್ರ. ಓ ಇಲ್ಲವಾಗಿಲ್ಲ, ತೆರೆಯ ಹಿಂದೆ ಕುಳಿತಿದೆ. ಎ ಮತ್ತು ಬಿ ಸೇರಿದರೆ ಮಾತ್ರ ಎರಡೂ ಸಮಸಮ, ಗುಂಪು ಎಬಿ.

ಈಗ ನಮ್ಮ ಹುಡುಗಿಯ ಮನೆಗೆ ಬನ್ನಿ. ಅಪ್ಪನಲ್ಲಿ ಎ ಜೊತೆ ಓ, ಅಮ್ಮನಲ್ಲಿ ಬಿ ಜೊತೆ ಓ ಅಡಗಿದೆ. ಇಬ್ಬರೂ ಓ ಕೊಟ್ಟರೆ ಮಗಳು ಓ. ಇಂಥ ದಂಪತಿಗೆ ಎ, ಬಿ, ಎಬಿ, ಓ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಪ್ರತಿ ಹೆರಿಗೆಯಲ್ಲೂ ಒಂದೊಂದಕ್ಕೆ ನಾಲ್ಕನೇ ಒಂದು ಪಾಲು ಅವಕಾಶ. ಅಜ್ಜಿಯ ಗುಂಪು ಓ ಆಗಿದ್ದರಂತೂ ಮಗನೊಳಗೆ ಓ ಇರಲೇಬೇಕು. ಗೊಣಗುವ ಅಜ್ಜಿಯ ರಕ್ತವನ್ನೇ ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು! ತಂದೆ ಎಬಿ, ತಾಯಿ ಓ ಇರುವ ಮನೆಯಲ್ಲಿ ಮಕ್ಕಳೆಲ್ಲ ಎ ಅಥವಾ ಬಿ. ಒಂದು ಮಗುವೂ ತಂದೆಯನ್ನಾಗಲಿ ತಾಯಿಯನ್ನಾಗಲಿ ಹೋಲುವುದಿಲ್ಲ.

ಈ ಲೆಕ್ಕ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. 1940ರ ದಶಕದಲ್ಲಿ ಚಾರ್ಲಿ ಚಾಪ್ಲಿನ್‌ನೇ ತನ್ನ ಮಗುವಿನ ತಂದೆ ಎಂದು ಅಮೆರಿಕದ ಯುವತಿಯೊಬ್ಬಳು ದಾವೆ ಹೂಡಿದಳು. 1944ರಲ್ಲಿ ರಕ್ತ ಪರೀಕ್ಷೆ ನಡೆಯಿತು. ತಾಯಿ ಎ, ಮಗು ಬಿ, ಚಾಪ್ಲಿನ್ ಓ. ಮಗುವಿನ ಬಿ ತಾಯಿಯಿಂದ ಬಂದಿರಲಾರದು. ಚಾಪ್ಲಿನ್‌ನಲ್ಲಿ ಅದು ಇಲ್ಲವೇ ಇಲ್ಲ. ಆದರೂ 1945ರಲ್ಲಿ ಜ್ಯೂರಿ ಅವನೇ ತಂದೆ ಎಂದು ತೀರ್ಪಿತ್ತಿತು. ಅಂದಿನ ಕ್ಯಾಲಿಫೋರ್ನಿಯಾದ ಕಾನೂನು ರಕ್ತ ಪರೀಕ್ಷೆಯನ್ನು ಅಂತಿಮ ಸಾಕ್ಷ್ಯವೆಂದು ಒಪ್ಪಿರಲಿಲ್ಲ. ಗುಂಪಿನಿಂದ 'ಇವನು ತಂದೆಯಲ್ಲ' ಎನ್ನಬಹುದು. 'ಇವನೇ ತಂದೆ' ಎನ್ನಲಾಗದು. ಅದಕ್ಕೆ ಇಂದು ಡಿಎನ್‌ಎ ಪರೀಕ್ಷೆ ಇದೆ.

'ಅಲ್ಲ' ಎನ್ನುವಾಗಲೂ ಆತುರ ಸಲ್ಲದು. ತಂದೆತಾಯಿ ಇಬ್ಬರೂ ಓ, ಮಗು ಎ ಎಂದು ಬಂದರೆ? ಮೊದಲು ಮೂವರದೂ ಮತ್ತೊಮ್ಮೆ ಪರೀಕ್ಷೆಯಾಗಲಿ. ಚೀಟಿಯಲ್ಲಿ ತಪ್ಪು ಬರೆಯುವುದು ಅಪರೂಪವೇನಲ್ಲ. ಆಮೇಲೂ ಒಂದು ಸಾಧ್ಯತೆ ಉಳಿಯುತ್ತದೆ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಪತ್ತೆಹಚ್ಚಿದ 'ಬಾಂಬೆ ರಕ್ತದ ಗುಂಪು' ಅದು. ಎ ಆಗಲಿ ಬಿ ಆಗಲಿ ಸಕ್ಕರೆಯನ್ನು ಅಂಟಿಸಲು 'ಎಚ್' ಎಂಬ ಅಡಿಪಾಯ ಬೇಕು. ಬಾಂಬೆ ಗುಂಪಿನವರಲ್ಲಿ ಅಡಿಪಾಯವೇ ಇಲ್ಲ. ಒಳಗೆ ಎ ಜೀನ್ ಇದ್ದರೂ ಸಾಧಾರಣ ಪರೀಕ್ಷೆ ಅವರನ್ನು ಓ ಎನ್ನುತ್ತದೆ. ಅವರ ಮಗುವಿಗೆ ಇನ್ನೊಬ್ಬ ಪೋಷಕರಿಂದ ಎಚ್ ಸಿಕ್ಕಿದೊಡನೆ ಅಡಗಿದ್ದ ಎ ಹೊರಬರುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆಯ ಪದ್ಧತಿಯಲ್ಲಿ ಇಂಥ ಅಪರೂಪದ ಜೀನ್‌ಗಳು ಜೋಡಿಯಾಗುವ ಸಂಭವ ಹೆಚ್ಚು. ಬಾಂಬೆ ಗುಂಪಿನವರಿಗೆ ಮಾಮೂಲಿ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅವರಿಗೆ ಬಾಂಬೆ ರಕ್ತವೇ ಆಗಬೇಕು.

ಎ, ಬಿ, ಓ ಆಚೆಗೂ ಹತ್ತಾರು ಗುಂಪುವ್ಯವಸ್ಥೆಗಳಿವೆ. ಕೋಲಾರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಮಹಿಳೆಯೊಬ್ಬರದು ಓ ಪಾಸಿಟಿವ್. ಆದರೆ ಯಾವ ಓ ರಕ್ತವೂ ಹೊಂದಲಿಲ್ಲ. ಕುಟುಂಬದ 20 ಮಂದಿಯ ರಕ್ತವೂ ಆಗಲಿಲ್ಲ. ವೈದ್ಯರು ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು. ಅಲ್ಲಿಯವರೆಗೆ ಜಗತ್ತಿಗೇ ತಿಳಿಯದಿದ್ದ ಅಂಶವೊಂದು ಪತ್ತೆಯಾಗಿ, 2025ರಲ್ಲಿ ಅದಕ್ಕೆ 'ಕ್ರಿಬ್' ಎಂದು ಹೆಸರಿಟ್ಟರು. ಆ ಹೆಸರಿನ ಕೊನೆಯ ಅಕ್ಷರ ಬೆಂಗಳೂರಿನದು.

'ಒಂದೇ ಗುಂಪಿನವರು ಮದುವೆಯಾಗಬಾರದು' ಎಂಬ ಮಾತಿಗೆ ಆಧಾರವಿಲ್ಲ. ಗಮನಿಸಬೇಕಾದ್ದು ಆರ್‌ಎಚ್ ಅಂಶವನ್ನು. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಯ ಮೈಸೇರಿದರೆ ಅವಳಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಇದನ್ನು ತಡೆಯುವ 'ಆಂಟಿ-ಡಿ' ಚುಚ್ಚುಮದ್ದನ್ನು ಬಸಿರಿನ ಸುಮಾರು 28ನೇ ವಾರದಲ್ಲಿ ಒಮ್ಮೆ, ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ಇದು ಬೇಕೇ ಎಂದು ವೈದ್ಯರನ್ನು ಕೇಳಿ. ಮರೆಯುವುದು ಹೆಚ್ಚಾಗಿ ಆಗಲೇ.