ಕಂಪ್ಯೂಟರ್ ಕೊಟ್ಟ ನಂಬರ್‌ಗೇ ಕನ್ನಡಕ ಮಾಡಿಸಬಹುದಾ?

ಕನ್ನಡಕದ ಅಂಗಡಿಗಳ ಮುಂದೆ ‘ಕಂಪ್ಯೂಟರ್ ಮೂಲಕ ಕಣ್ಣು ಪರೀಕ್ಷೆ’ ಎಂಬ ಬೋರ್ಡ್ ಈಗ ಮಾಮೂಲು. ಯಂತ್ರಕ್ಕೆ ಗದ್ದ ಕೊಟ್ಟು ನೋಡಿದರೆ ದೂರದಲ್ಲೊಂದು ಮನೆಯೋ ಬಣ್ಣದ ಬಲೂನೋ ಕಾಣುತ್ತೆ. ಅದು ಮಂಜಾಗಿ ಮತ್ತೆ ಸರಿಹೋಗುವಷ್ಟರಲ್ಲಿ ಬಸ್ ಟಿಕೆಟ್‌ನಂಥ ಚೀಟಿ ಹೊರಗೆ ಬಂದಿರುತ್ತೆ. ಆದರೆ ಆ ಚೀಟಿಯಲ್ಲಿರೋದು ಕನ್ನಡಕದ ಅಂತಿಮ ನಂಬರ್ ಅಲ್ಲ.

ಯಂತ್ರದ ಹೆಸರು ಆಟೋರಿಫ್ರಾಕ್ಟೋಮೀಟರ್. ಇದು ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕಣ್ಣೊಳಗೆ ಬಿಡುತ್ತದೆ. ಹಿಂದಿನ ಅಕ್ಷಿಪಟಲಕ್ಕೆ ತಾಗಿ ವಾಪಸ್ ಬಂದ ಬೆಳಕು ಹೇಗೆ ಬದಲಾಗಿದೆ ಅಂತ ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಚೀಟಿಯ ಎಸ್‌ಪಿಎಚ್ ಅಂದ್ರೆ ಪ್ಲಸ್ ಅಥವಾ ಮೈನಸ್ ಪವರ್. ಕಣ್ಣಿನ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಬೇಕಾದ ಪವರ್ ಸಿವೈಎಲ್. ಅದನ್ನು ಯಾವ ಕೋನದಲ್ಲಿ ಕೂರಿಸಬೇಕು ಅನ್ನೋದು ಆಕ್ಸಿಸ್.

ಎಡವಟ್ಟಾಗೋದು ಹೆಚ್ಚಾಗಿ ಮಕ್ಕಳ ವಿಷಯದಲ್ಲಿ. ಚಿತ್ರ ದೂರದಲ್ಲಿದ್ದಂತೆ ಕಂಡರೂ ಅದು ಯಂತ್ರದೊಳಗೇ ಇದೆ ಅನ್ನೋದು ಮಗುವಿಗೆ ಗೊತ್ತು. ಮಕ್ಕಳ ಕಣ್ಣಿನ ಮಸೂರ ಮೃದು. ಹತ್ತಿರದ್ದನ್ನು ನೋಡೋಕೆ ಅದು ತಾನಾಗೇ ದಪ್ಪಗಾಗುತ್ತೆ. ಆಗ ಇಲ್ಲದ ಮೈನಸ್ ಚೀಟಿಯಲ್ಲಿ ಬರಬಹುದು, ಇದ್ದ ಮೈನಸ್ ಹೆಚ್ಚಾಗಬಹುದು. ಚಿತ್ರ ಮಂಜಾಗೋದು ಇದನ್ನು ತಡೆಯೋಕೇ, ಆದರೆ ಮಕ್ಕಳಿಗೆ ಅಷ್ಟು ಸಾಲಲ್ಲ. ಅದಕ್ಕೇ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಮಸೂರ ಸಡಿಲವಾದ ಮೇಲೆ ಅಳೆಯೋದು. ನಂಬರ್ ಹೆಚ್ಚಾದ ಕನ್ನಡಕದಲ್ಲೂ ಮಗುವಿಗೆ ಕ್ಲಾಸಿನ ಬೋರ್ಡ್ ಚೆನ್ನಾಗೇ ಕಾಣಬಹುದು. ಹೀಗಾಗಿ ತಲೆನೋವು ಅಂದರೆ ಮನೆಯಲ್ಲಿ ಮೊಬೈಲ್‌ಗೆ ಬೈಯ್ತಾರೆ, ಕನ್ನಡಕದ ಮೇಲೆ ಯಾರಿಗೂ ಅನುಮಾನ ಬರಲ್ಲ.

ದೊಡ್ಡವರಲ್ಲೂ ಪೊರೆ ಬಲಿತಿದ್ದರೆ ಯಂತ್ರ ಎರರ್ ತೋರಿಸಿ ಸುಮ್ಮನಾಗಬಹುದು. ಶುಗರ್ ಇದ್ದವರಿಗೆ ಸಕ್ಕರೆ ಏರಿಳಿದಂತೆ ಕಣ್ಣಿನ ನಂಬರೂ ಬದಲಾಗುತ್ತೆ. ಶುಗರ್ ಹತೋಟಿಗೆ ಬಂದ ಮೇಲೆ ಮಾಡಿಸಿದರೆ ದುಡ್ಡು ಉಳಿಯುತ್ತೆ. ಇನ್ನು 40 ದಾಟಿದವರ ಓದುವ ನಂಬರ್ ಕೆಲಸದ ಮೇಲೆ ನಿಂತಿರುತ್ತೆ. ಗಲ್ಲಾದಲ್ಲಿ ಕೂತು ಬಿಲ್ ಬರೆಯೋರಿಗೂ ಸೂಜಿಗೆ ದಾರ ಪೋಣಿಸೋ ಟೈಲರ್‌ಗೂ ಒಂದೇ ನಂಬರ್ ಸರಿಹೋಗಬೇಕೆಂದಿಲ್ಲ.

ಯಂತ್ರ ದಂಡ ಅಂತಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನ ಅದು ಕ್ಷಣದಲ್ಲಿ ಹೇಳುತ್ತೆ. ಆಮೇಲೆ ಖಾಲಿ ಫ್ರೇಮ್ ಹಾಕಿ, 0.25ರಷ್ಟು ಹೆಚ್ಚು ಕಡಿಮೆ ಮಾಡುತ್ತಾ, ಎದುರಿನ ಅಕ್ಷರ ಓದಿಸಿ ‘ಇದಾ, ಅದಾ’ ಅಂತ ಕೇಳಲೇಬೇಕು. ಬರೀ ಚೀಟಿ ನೋಡಿ ಗ್ಲಾಸ್‌ಗೆ ಆರ್ಡರ್ ಬರೆದುಕೊಳ್ಳುತ್ತಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಹೋಗುವಾಗ ಹಳೇ ಕನ್ನಡಕ ಜೊತೆಗಿರಲಿ.