ಅವರೇಕೆ ಓಡಿಹೋಗಲಿಲ್ಲ?

ಎರಡನೆಯ ಮಹಾಯುದ್ಧದ ಪಾಠ ಮುಗಿಸುವಾಗ ನಾನು ಬಹುಕಾಲ ಕಪ್ಪುಹಲಗೆಯ ಮೇಲೆ ಒಂದು ಸಂಖ್ಯೆಯನ್ನು ಬರೆಯುತ್ತಿದ್ದೆ: ನಾಜಿಗಳು ಕೊಂದ ಯೆಹೂದ್ಯರು ಸುಮಾರು 60 ಲಕ್ಷ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಅದನ್ನು ಬರೆದುಕೊಳ್ಳುತ್ತಿದ್ದರು, ಅಷ್ಟೆ. ಒಮ್ಮೆ ಮಾತ್ರ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿತು: "ಅಷ್ಟೊಂದು ಜನ ಇದ್ದರಲ್ಲ ಸಾರ್, ಅವರೇಕೆ ಓಡಿಹೋಗಲಿಲ್ಲ?" ನನಗೆ ಉತ್ತರ ಹೊಳೆಯಲಿಲ್ಲ. ಅಧಿಕಪ್ರಸಂಗ ಬೇಡವೆಂದು ಹುಡುಗನನ್ನು ಕೂರಿಸಿದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಇದೇ ಪ್ರಶ್ನೆಯನ್ನು ಇಟಲಿಯ ಶಾಲಾಮಕ್ಕಳು ಪ್ರೀಮೊ ಲೆವಿಯವರಿಗೂ ಕೇಳುತ್ತಿದ್ದರು. ಟೂರಿನ್ ನಗರದ ಈ ರಸಾಯನಶಾಸ್ತ್ರಜ್ಞರನ್ನು 1944ರ ಫೆಬ್ರವರಿಯಲ್ಲಿ ಸುಮಾರು 650 ಜನರೊಡನೆ ರೈಲಿನಲ್ಲಿ ತುಂಬಿ ಆಶ್‌ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ಬದುಕಿ ಮರಳಿದವರು ತೀರ ಕೆಲವರು. ಅವರಲ್ಲಿ ಲೆವಿ ಒಬ್ಬರು. ಮುಂದೆ ಶಾಲೆಯೊಂದರಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಅವರಿಂದ ಹಲಗೆಯ ಮೇಲೆ ಶಿಬಿರದ ನಕ್ಷೆ ಬರೆಯಿಸಿ, ಕಾವಲುಗಾರನನ್ನು ಕೊಂದು, ಅವನ ಉಡುಪು ತೊಟ್ಟು, ಬೇಲಿಯ ವಿದ್ಯುತ್ತನ್ನು ನಿಲ್ಲಿಸಿ ಪಾರಾಗುವ ಉಪಾಯವನ್ನು ವಿವರಿಸಿದನಂತೆ. ಇನ್ನೊಮ್ಮೆ ಹೀಗಾದರೆ ಹಾಗೆಯೇ ಮಾಡಿ ಎಂದು ಬುದ್ಧಿಯನ್ನೂ ಹೇಳಿದನಂತೆ!

ಲೆವಿ ಇದನ್ನು ಎಳಸು ಮಾತೆಂದು ತಳ್ಳಿಹಾಕಲಿಲ್ಲ. 1986ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಸಾವಧಾನವಾಗಿ ಉತ್ತರಿಸಿದರು. ಹಸಿವಿನಿಂದ ಕುಗ್ಗಿದ ದೇಹ, ಬೋಳಿಸಿದ ತಲೆ, ದೂರದಿಂದಲೇ ಗುರುತು ಸಿಗುವ ಪಟ್ಟೆಬಟ್ಟೆ, ಓಡಲು ಬಿಡದ ಮರದ ಪಾದರಕ್ಷೆ, ಅರಿಯದ ನಾಡು, ಅರಿಯದ ಭಾಷೆ. ಒಬ್ಬ ತಪ್ಪಿಸಿಕೊಂಡರೆ ಉಳಿದವರಿಗೆ ಶಿಕ್ಷೆ. ಓಡಿದರೂ ಯಾರ ಮನೆಯ ಬಾಗಿಲು ತಟ್ಟುವುದು? ಇಷ್ಟಾಗಿಯೂ ಕೆಲವರು ತಪ್ಪಿಸಿಕೊಂಡರು; 1944ರ ಅಕ್ಟೋಬರಿನಲ್ಲಿ ಕೈದಿಗಳು ದಂಗೆಯೆದ್ದು ಅಲ್ಲಿಯ ಒಂದು ದಹನಾಗಾರವನ್ನೇ ಹಾಳುಗೆಡವಿದರು.

ಈಗ ನಾನು ಪಾಠವನ್ನು ಸಂಖ್ಯೆಯಿಂದ ಆರಂಭಿಸುವುದಿಲ್ಲ. ಲೆವಿಯವರ ಪದವಿಪತ್ರದಿಂದ ಆರಂಭಿಸುತ್ತೇನೆ. ಇಟಲಿಯ ಜನಾಂಗೀಯ ಕಾನೂನುಗಳು ಬಂದದ್ದು 1938ರಲ್ಲಿ. ಯೆಹೂದ್ಯ ಮಕ್ಕಳು ಸರಕಾರಿ ಶಾಲೆಗಳಿಂದ ಹೊರಬಿದ್ದರು. ಆಗಲೇ ವಿಶ್ವವಿದ್ಯಾನಿಲಯ ಸೇರಿದ್ದ ಲೆವಿ 1941ರಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು. ಪದವಿಪತ್ರದಲ್ಲಿ ಅಂಕಗಳ ಜೊತೆಗೆ ಅವರು ಯೆಹೂದ್ಯ ಜನಾಂಗದವರೆಂದೂ ನಮೂದಾಗಿತ್ತು. ಬೇಲಿಯೂ ಇಲ್ಲ, ಕಾವಲುಗಾರನೂ ಇಲ್ಲ. ಕಾಗದದ ಮೇಲೆ ಒಂದು ಸಾಲು ಮಾತ್ರ. ಶಿಬಿರದ ದಾರಿ ಅಂಥ ಸಾಲುಗಳ ಮೇಲೆಯೇ ಸಾಗಿತ್ತು. ಅಂಕಪಟ್ಟಿಯ ಬೆಲೆ ಬಲ್ಲ ನಮ್ಮ ಹುಡುಗರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಕಳೆದ ವರ್ಷ ಪಾಠದ ನಡುವೆ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಆಗ ಅವರ ಸಹಪಾಠಿಗಳೆಲ್ಲ ಏನು ಮಾಡುತ್ತಿದ್ದರು ಸಾರ್?"

ಅಂದು ಗಂಟೆ ಬಾರಿಸುವವರೆಗೆ ನಾವು ಆ ಒಂದು ಪ್ರಶ್ನೆಯನ್ನೇ ಕುರಿತು ಮಾತನಾಡಿದೆವು.

(ಬಾನುಲಿ ಭಾಷಣ)