ಬಿತ್ತಿದವರೊಬ್ಬರು, ರಾಶಿ ಮಾಡಿದವರೊಬ್ಬರು

ಸಂಕ್ರಾಂತಿಯ ಆಸುಪಾಸಿನಲ್ಲಿ ಕಲಬುರಗಿಯ ನೆಹರು ಗಂಜ್‌ಗೆ ಕಾಲಿಟ್ಟರೆ ತೊಗರಿಯ ದೂಳು ಮೂಗಿಗೆ ಬಡಿಯುತ್ತದೆ. ಅಡತಿ ಅಂಗಡಿಗಳ ಮುಂದೆ ಚೀಲಗಳ ಸಾಲು, ಹಮಾಲರ ಕೂಗು, ತೂಕದ ಗಡಿಬಿಡಿ. ಕಳೆದ ವರ್ಷ ಈ ಗದ್ದಲದ ನಡುವೆಯೇ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಎದುರಾದರು. ಗಂಜಿನಲ್ಲೇ ಹಮಾಲಿ ಮಾಡುವವರು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಸರ, ಹುಡುಗಗ ಟ್ಯೂಷನ್ ಹಚ್ಚಿ ಮೂರು ತಿಂಗಳಾತು. ಮಾರ್ಕ್ಸ್ ಮಾತ್ರ ಏರವಲ್ವು. ಬಿಡಿಸಿ ಕೆಲಸಕ್ಕ ಹಚ್ಚಲೇನ್ರಿ?" ಎಂದು ಕೇಳಿದರು.

"ಯಜಮಾನ್ರ, ತೊಗರಿ ಬಿತ್ತಿ ಮೂರು ತಿಂಗಳಿಗೇ ರಾಶಿ ಮಾಡ್ತಾರೇನ್ರಿ?" ಎಂದೆ. ಅವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಹುಡುಗನ ಪ್ರಗತಿ ಪತ್ರದಲ್ಲಿ ಹಿಂದಿನ ವಾರವಷ್ಟೇ 'ಸುಧಾರಣೆ ಇಲ್ಲ' ಎಂದು ಬರೆದವನು ನಾನೇ. ತಾಳ್ಮೆಗೆಟ್ಟವರು ಅವರೊಬ್ಬರೇ ಅಲ್ಲ.

ಅಂದು ಸಂಜೆ ಯಾವುದೋ ಪದದ ಅರ್ಥ ಹುಡುಕಲು ಕಿಟೆಲ್ ನಿಘಂಟನ್ನು ತೆರೆದೆ. ಆ ದಪ್ಪ ಪುಸ್ತಕ ಹುಟ್ಟಿದ ಬಗೆಯಲ್ಲೇ ಗಂಜಿನ ಪ್ರಶ್ನೆಗೆ ಉತ್ತರವಿದೆ ಎನಿಸಿತು.

ದಿನಕ್ಕೆ ಹತ್ತು ಪದ

ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರಾಗಿ ನಮ್ಮ ನಾಡಿಗೆ ಬಂದರು. 1877ರಲ್ಲಿ ತಾಯ್ನಾಡಿಗೆ ಮರಳಿದರೂ ಕೋಶದ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು.

ವಿದ್ಯಾರ್ಥಿ ಮಿತ್ರರೇ, ಒಂದು ಸಣ್ಣ ಲೆಕ್ಕ ಮಾಡಿ. ಈ ಕೆಲಸಕ್ಕೆ ಇಪ್ಪತ್ತು ವರ್ಷ ಎಂದು ಹಿಡಿದರೆ ವರ್ಷಕ್ಕೆ 3,500 ಪದ. ದಿನಕ್ಕೆ ಸುಮಾರು ಹತ್ತು. ಹತ್ತು ಪದ ಬರೆಯುವುದು ಯಾರಿಗೂ ಕಷ್ಟವಲ್ಲ. ನಾಳೆಯೂ ಹತ್ತು, ನಾಡಿದ್ದೂ ಹತ್ತು ಎಂದು ಇಪ್ಪತ್ತು ವರ್ಷ ಬರೆಯುವುದೇ ಕಷ್ಟ.

ಒಬ್ಬರ ಹೆಸರು, ಹಲವರ ದುಡಿಮೆ

ಪುಸ್ತಕದ ಮೇಲಿರುವುದು ಒಂದೇ ಹೆಸರು. ಆದರೆ ಬಿತ್ತನೆ ಆರಂಭವಾದದ್ದು ಕಿಟೆಲ್ ಹುಟ್ಟುವ ಮೊದಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಕನ್ನಡ ಕಲಿಯಲು ಅಚ್ಚಾದ ನಿಘಂಟೇ ಇರಲಿಲ್ಲ. ಊರ ಜನರ ಬಾಯಿಂದ, ಪಂಡಿತರಿಂದ ಭಾಷೆ ಕಲಿತು ಅವರು ಬೈಬಲ್ ಅನುವಾದಕ್ಕೆ ಕೈಹಾಕಿದರು. ಸಮಗ್ರ ಕನ್ನಡ ಬೈಬಲ್ ಹೊರಬರುವ ಹೊತ್ತಿಗೆ 1831 ಬಂದಿತ್ತು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವೊಂದನ್ನು ಹೊರತಂದರು. ಅದನ್ನು ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ತಿದ್ದಿ, ಹಿಗ್ಗಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು.

ಇತ್ತ ಬಾಸೆಲ್ ಮಿಷನ್ನಿನ ಮೊದಲ ತಂಡ 1834ರಲ್ಲಿ ಮಂಗಳೂರು ಸೇರಿತು. ಅದರ ಹಿಂದೆಯೇ 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಆರಂಭಿಸಿದರು. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಓಲೆಗರಿಗಳಲ್ಲಿದ್ದ ಕನ್ನಡ ಹೀಗೆ ಅಚ್ಚಿನ ಪುಟಕ್ಕೆ ಬಂದದ್ದರಿಂದ ಮುಂದೆ ಕೋಶ ಕಟ್ಟುವವರ ಕೆಲಸ ಹಗುರವಾಯಿತು. ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ. ಕಿಟೆಲ್ ನಿಘಂಟನ್ನು ಅವರು ಕಣ್ಣಾರೆ ಕಾಣಲಿಲ್ಲ.

ಮೂರು ಬೇರೆ ಬೇರೆ ಮಿಷನ್ನುಗಳು, ಬೇರೆ ದೇಶ, ಬೇರೆ ಸಭೆ. ಆದರೂ ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸಿದರು. ಇವರಿಗೆಲ್ಲ ಕನ್ನಡ ಕಲಿಸಿದ, ಗಾದೆ ಹೇಳಿಕೊಟ್ಟ, ಅರ್ಥ ಬಿಡಿಸಿದ ಪಂಡಿತರು ಮತ್ತು ಹಳ್ಳಿಗರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದ ಮೇಲೂ ಇಲ್ಲ. ಅವರಿಲ್ಲದೆ ಒಂದು ಪುಟವೂ ಆಗುತ್ತಿರಲಿಲ್ಲ.

ಇವರ ಮುಖ್ಯ ಉದ್ದೇಶ ಕ್ರೈಸ್ತಮತ ಪ್ರಚಾರ ಎಂಬುದನ್ನು ಮರೆಮಾಚಬೇಕಿಲ್ಲ. ಆ ಉದ್ದೇಶವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರು ಬಯಸಿದಷ್ಟು ಜನ ಕ್ರೈಸ್ತರಾಗಲೂ ಇಲ್ಲ. ವರ್ಷದ ಕೊನೆಗೆ ಎಷ್ಟು ಜನ ಸಭೆ ಸೇರಿದರು ಎಂದಷ್ಟೇ ಎಣಿಸಿದ್ದರೆ ಬೇಸತ್ತು ಊರಿಗೆ ಹಿಂತಿರುಗಬಹುದಿತ್ತು. ಬೈಬಲ್ಲಿನಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರ ಧರ್ಮಸೇವೆಯನ್ನು ಹೊಲದ ಕೆಲಸಕ್ಕೆ ಹೋಲಿಸುತ್ತದೆ. ದುಡಿದವರು ಹಲವರು, ಬೆಳೆ ತನ್ನದೆಂದು ಹೇಳಿಕೊಳ್ಳುವ ಹಕ್ಕು ಯಾರೊಬ್ಬರಿಗೂ ಇಲ್ಲ ಎಂಬುದು ಅದರ ಸಾರ. ಅದನ್ನು ನಂಬಿದವರಿಗೆ ಕಾಯುವ ಶಕ್ತಿ ಅಲ್ಲಿಂದಲೇ ಬಂದಿರಬೇಕು.

ಬೇರಿನ ಪಾಠ

ವಿಜ್ಞಾನದ ಮಾಸ್ತರನಾದ ನನಗೆ ಇಲ್ಲಿ ತೊಗರಿಯೇ ನೆನಪಾಗುತ್ತದೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಮೊದಲ ಒಂದೆರಡು ತಿಂಗಳು ಹೆಚ್ಚು ಎತ್ತರ ಬೆಳೆಯುವುದಿಲ್ಲ. ನೋಡಿದವರಿಗೆ ಬೆಳೆ ಕೈಕೊಟ್ಟಿತೇನೋ ಎನಿಸಬೇಕು. ಆ ಹೊತ್ತಿನಲ್ಲಿ ಬೇರು ಆಳಕ್ಕಿಳಿಯುತ್ತಿರುತ್ತದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡುತ್ತವೆ. ಗಿಡ ಅವಕ್ಕೆ ಆಹಾರ ಕೊಡುತ್ತದೆ. ರಾಶಿ ಮುಗಿದ ಮೇಲೂ ಆ ಸಾರದಲ್ಲಿ ಒಂದಿಷ್ಟು ನೆಲದಲ್ಲಿ ಉಳಿದು ಮುಂದಿನ ಬೆಳೆಗೆ ಸಿಗುತ್ತದೆ.

ಕಿಟೆಲ್ ಕೋಶವೂ ಮುಂದಿನ ಬೆಳೆಗೆ ಸಾರ ಉಳಿಸಿತು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ ಸಂಪುಟಗಳಾಗಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಲವು ವಿದ್ವಾಂಸರ ದಶಕಗಳ ದುಡಿಮೆಯಿಂದ 1995ರಲ್ಲಿ ಪೂರ್ಣಗೊಂಡಿತು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಮಗುವಿನ ಕಲಿಕೆ ಒಬ್ಬ ಮಾಸ್ತರನ ಹೊಲವಲ್ಲ. ಒಂದನೇ ತರಗತಿಯಲ್ಲಿ ಅಕ್ಷರ ತಿದ್ದಿಸಿದವರು, ಮನೆಯಲ್ಲಿ ಬುತ್ತಿ ಕಟ್ಟಿ ಕಳಿಸುವ ತಾಯಿ, ಚೀಲ ಹೊತ್ತು ಫೀಸು ಹೊಂದಿಸುವ ತಂದೆ, ಪಕ್ಕದ ಬೆಂಚಿನ ಗೆಳೆಯ ಎಲ್ಲರೂ ಅದರಲ್ಲಿ ದುಡಿದಿದ್ದಾರೆ. ಫಲ ಯಾರ ಕಾಲಕ್ಕೆ ಬರುತ್ತದೋ ಹೇಳಲಾಗದು. ನಡುವೆ ಒಬ್ಬರು ಕೈಬಿಟ್ಟರೆ ಹಿಂದಿನವರ ದುಡಿಮೆಯೂ ವ್ಯರ್ಥವಾಗುತ್ತದೆ.

ಆ ಹುಡುಗ ಶಾಲೆ ಬಿಡಲಿಲ್ಲ. ಈಗ ಹತ್ತನೇ ತರಗತಿಯಲ್ಲಿದ್ದಾನೆ. ಅಂಕಗಳು ತುಸು ಏರಿವೆ, ಬಹಳವೇನಲ್ಲ. ಮೊನ್ನೆ ಗಂಜಿನಲ್ಲಿ ಅವನ ತಂದೆ ಮತ್ತೆ ಸಿಕ್ಕಾಗ ಮಾರ್ಕ್ಸ್ ವಿಷಯ ಎತ್ತಲಿಲ್ಲ. "ಸರ, ಪಾಠ ಎಲ್ಲಿಗಿ ಬಂತ್ರಿ?" ಎಂದು ಕೇಳಿದರು. ಪ್ರಗತಿ ಪತ್ರದಲ್ಲಿ ನಾನೂ ಈ ಸಲ 'ಬೆಳವಣಿಗೆ ಇದೆ' ಎಂದು ಬರೆದಿದ್ದೇನೆ.